ಹೃದಯದ ಮಿಡಿತ: ಮೂಲವೂ ನೆಲೆಯೂ

ಚೆನ್ನೈನ ಸೌಕಾರ್‌ಪೇಟೆಯಂತಹ ಇಕ್ಕಟ್ಟಾದ, ಜನನಿಬಿಡ ಬೀದಿಗಳಲ್ಲಿ ಯಾರಾದರೂ ಎದೆನೋವಿನಿಂದ ಕುಸಿದರೆ, ಪಾರ್ಕ್ ಟೌನಿನ ಸರ್ಕಾರಿ ಆಸ್ಪತ್ರೆ ಸಮೀಪದಲ್ಲಿಯೇ ಇದ್ದರೂ ಆಂಬುಲೆನ್ಸ್ ಬರುವವರೆಗಿನ ನಿಮಿಷಗಳು ಅಮೂಲ್ಯವಾದವು. ಆದ್ದರಿಂದ ಹೃದಯದ ರಚನೆಯನ್ನು ಪ್ರತಿಯೊಬ್ಬರೂ ಸ್ವಲ್ಪಮಟ್ಟಿಗಾದರೂ ತಿಳಿದಿರುವುದು ಅವಶ್ಯಕ.

ಹೃದಯವು ಕೇವಲ ಎಡಭಾಗದಲ್ಲಿದೆಯೆಂಬುದು ತಪ್ಪು ಕಲ್ಪನೆ. ಅದು ಎದೆಮೂಳೆಯ ಹಿಂದೆ ಇದ್ದು, ಸುಮಾರು ಮೂರರಲ್ಲಿ ಎರಡು ಭಾಗ ನಡುಗೆರೆಯ ಎಡಕ್ಕಿರುತ್ತದೆ. ವಯಸ್ಕರಲ್ಲಿ ಅದರ ತುದಿಯ ಬಡಿತವು ಎಡಗಡೆಯ ಐದು ಮತ್ತು ಆರನೆಯ ಪಕ್ಕೆಲುಬುಗಳ ಸಂದಿನಲ್ಲಿ, ನಡುಗೆರೆಯಿಂದ ಸುಮಾರು 9 ಸೆಂ.ಮೀ. ದೂರದಲ್ಲಿ ಕೈಗೆ ತಿಳಿಯುತ್ತದೆ.

ಮಿಡಿತ ಹುಟ್ಟುವುದು ಹೃದಯದಲ್ಲಿಯೇ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನೋ-ಏಟ್ರಿಯಲ್ ಗಂಟನ್ನು 1907ರಲ್ಲಿ ಕೀತ್ ಮತ್ತು ಫ್ಲಾಕ್ ಎಂಬ ವಿಜ್ಞಾನಿಗಳು ವರ್ಣಿಸಿದರು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ಅಲ್ಲಿಂದ ಹೊರಡುವ ವಿದ್ಯುತ್ ಪ್ರಚೋದನೆಯು ಹೃತ್ಕರ್ಣಗಳಲ್ಲಿ ಹರಡಿ, ಏಟ್ರಿಯೋ-ವೆಂಟ್ರಿಕ್ಯುಲರ್ ಗಂಟಿನಲ್ಲಿ ಸುಮಾರು 0.1 ಸೆಕೆಂಡು ತಡೆದು, ಹಿಸ್ ಕಟ್ಟು ಹಾಗೂ ಪರ್ಕಿಂಜೆ ತಂತುಗಳ ಮೂಲಕ ಹೃತ್ಕುಕ್ಷಿಗಳನ್ನು ಮುಟ್ಟುತ್ತದೆ. ಈ ತಡೆಯಿಂದಾಗಿ ಹೃತ್ಕುಕ್ಷಿಗಳು ರಕ್ತದಿಂದ ತುಂಬಲು ಅವಕಾಶ ದೊರೆಯುತ್ತದೆ.

ನರಗಳು ಮಿಡಿತವನ್ನು ಹುಟ್ಟಿಸುವುದಿಲ್ಲ. ಅದರ ವೇಗವನ್ನು ವೇಗಸ್ ನರವು ತಗ್ಗಿಸಿದರೆ ಸಿಂಪಥೆಟಿಕ್ ನರಗಳು ಹೆಚ್ಚಿಸುತ್ತವೆ. ಹೃದಯದ ನೋವನ್ನು ಒಯ್ಯುವ ತಂತುಗಳೂ ಎಡತೋಳಿನ ಒಳಬದಿಯ ಚರ್ಮದ ತಂತುಗಳೂ ಬೆನ್ನುಹುರಿಯ ಒಂದೇ ಭಾಗವನ್ನು ಸೇರುವುದರಿಂದ, ಹೃದಯಾಘಾತದ ನೋವು ತೋಳಿನಲ್ಲಿಯೂ ಕಾಣಿಸಿಕೊಳ್ಳಬಹುದು.

ಇಂತಹ ನೋವನ್ನು ವಾಯುವೆಂದು ಕಡೆಗಣಿಸದೆ ಕೂಡಲೇ 108ಕ್ಕೆ ಕರೆಮಾಡಬೇಕು. ವಯಸ್ಕ ವ್ಯಕ್ತಿಯು ಪ್ರಜ್ಞೆ ತಪ್ಪಿ, ಸಹಜ ಉಸಿರಾಟವಿಲ್ಲದಿದ್ದರೆ, ನೆರವು ಬರುವವರೆಗೂ ಎದೆಮೂಳೆಯ ಕೆಳ ಅರ್ಧಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಿರಬೇಕು.