ಕಂಡದ್ದು ಮತ್ತು ಅಳೆದದ್ದು

ಚಿತ್ರದುರ್ಗದ ಕೋಟೆಯ ಬಂಡೆಗಳು ಬೇಸಗೆಯ ಹಗಲೆಲ್ಲ ಬಿಸಿಲನ್ನು ಹೀರಿ, ಹೊತ್ತು ಮುಳುಗಿದ ಮೇಲೂ ಕಾವನ್ನು ಸೂಸುತ್ತಿರುತ್ತವೆ. ಕತ್ತಲಲ್ಲಿ ಬಂಡೆಯು ಕಣ್ಣಿಗೆ ಕಾಣದಿದ್ದರೂ ಸಮೀಪಕ್ಕೆ ಚಾಚಿದ ಅಂಗೈಗೆ ಅದು ತಿಳಿಯುತ್ತದೆ. ಈ ಕಾವನ್ನು ಹೊತ್ತು ತರುವುದು ಅವಕೆಂಪು ಕಿರಣ. 1800ರಲ್ಲಿ ವಿಲಿಯಂ ಹರ್ಷೆಲನು ಸೂರ್ಯನ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಕೆಂಪಿನಾಚೆ ಏನೂ ಕಾಣದ ಎಡೆಯಲ್ಲಿ ಉಷ್ಣಮಾಪಕವನ್ನಿಟ್ಟು ಇದನ್ನು ಕಂಡುಹಿಡಿದನು.

ಇಂದು ವಿಮಾನಗಳಲ್ಲಿ ಅಳವಡಿಸುವ ಕೆಲವು ಕ್ಯಾಮೆರಾಗಳು ಈ ಕಿರಣಗಳಿಂದಲೇ ಚಿತ್ರಗಳನ್ನು ಮೂಡಿಸುತ್ತವೆ. ಅಲ್ಲಿ ಕಪ್ಪು ಬಿಳುಪುಗಳು ವಸ್ತುವಿನ ಬಣ್ಣಗಳಲ್ಲ. ಬಿಸಿ ತಂಪುಗಳ ಗುರುತುಗಳು. ಬಿಳುಪು ಬಿಸಿಯೋ ತಂಪೋ ಎಂಬುದು ಯಂತ್ರವನ್ನು ಹೊಂದಿಸಿದ ಬಗೆಯನ್ನು ಅವಲಂಬಿಸಿದೆ.

2015ರಲ್ಲಿ ಅಮೆರಿಕದ ನೌಕಾಪಡೆಯ ವಿಮಾನವೊಂದು ಇಂತಹ ದೃಶ್ಯವನ್ನು ಸೆರೆಹಿಡಿಯಿತು. ಕಪ್ಪು ಕಡಲಿನ ಮೇಲೆ ಬಿಳಿಯ ಚುಕ್ಕೆಯೊಂದು ಶರವೇಗದಿಂದ ಓಡುವಂತೆ ತೋರಿತು. ಅನ್ಯಲೋಕದ ವಾಹನವಿರಬಹುದೆಂದು ಹಲವರು ಬೆರಗಾದರು. ನಾಸಾ ಸಂಸ್ಥೆ ನೇಮಿಸಿದ ತಜ್ಞರ ಸಮಿತಿಯಾದರೋ ಚಿತ್ರದ ಮೇಲೆಯೇ ಮೂಡಿದ್ದ ಅಂಕಿಗಳನ್ನು ಓದಿತು. ವಿಮಾನದ ಎತ್ತರ, ಕ್ಯಾಮೆರಾದ ಓರೆ, ವಸ್ತುವಿನ ದೂರ ಇವುಗಳಿಂದ ತ್ರಿಕೋನವನ್ನು ರಚಿಸಿದಾಗ, 25,000 ಅಡಿ ಎತ್ತರದ ವಿಮಾನಕ್ಕೂ ಕಡಲಿಗೂ ನಡುವೆ, ಸುಮಾರು 13,000 ಅಡಿಯಲ್ಲಿ ಆ ವಸ್ತು ಇತ್ತೆಂದು ತಿಳಿಯಿತು. 22 ಸೆಕೆಂಡುಗಳಲ್ಲಿ ಅದು ಸಾಗಿದ ದೂರ ಸುಮಾರು 390 ಮೀಟರ್. ಎಂದರೆ ಗಂಟೆಗೆ ಸುಮಾರು 64 ಕಿಲೋಮೀಟರ್. ಆ ಎತ್ತರದಲ್ಲಿ ಗಾಳಿಯೂ ಅಷ್ಟು ವೇಗದಿಂದ ಬೀಸುವುದುಂಟು. ಚುಕ್ಕೆಯ ಬಿಳುಪೂ ಬಿಸಿಯ ಗುರುತಾಗಿರಲಿಲ್ಲ. ವಸ್ತುವು ಕಡಲಿಗಿಂತ ತಂಪಾಗಿತ್ತು; ಎಂಜಿನಿನ ಕಾವಿನ ಸುಳಿವೇ ಇರಲಿಲ್ಲ. 2023ರಲ್ಲಿ ಸಮಿತಿಯು ಈ ವರದಿಯನ್ನು ಪ್ರಕಟಿಸಿತು.

ಹಾಗಾದರೆ ಶರವೇಗವು ಎಲ್ಲಿಂದ ಬಂದಿತು? ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿರಿ. ರಸ್ತೆಬದಿಯ ಮರ ಹಿಂದಕ್ಕೆ ಓಡುತ್ತದೆ. ದೂರದ ಗುಡ್ಡದ ಮೇಲಿನ ಗಾಳಿಯಂತ್ರ ಕದಲದಂತೆ ತೋರುತ್ತದೆ. ಓಡುತ್ತಿರುವುದು ಮರವಲ್ಲ, ಬಸ್ಸು. ಅಂತೆಯೇ ವಿಮಾನದ ಓಟವು ನಡುವೆ ಇದ್ದ ವಸ್ತುವಿನ ಓಟವಾಗಿ ಕಂಡಿತು.

2023ರ ಆಗಸ್ಟ್ 20ರಂದು ‘ತಪಸ್’ ಎಂಬ ಚಾಲಕರಹಿತ ವಿಮಾನವು ಪರೀಕ್ಷಾ ಹಾರಾಟದ ವೇಳೆ ಹಿರಿಯೂರು ತಾಲ್ಲೂಕಿನ ವಡ್ಡಿಕೆರೆಯ ಹೊಲದಲ್ಲಿ ಬಿದ್ದಿತು. ನೆಲಕ್ಕೆ ಬಿದ್ದುದನ್ನು ಸಮೀಪಿಸಿ ಗುರುತಿಸಬಹುದು. ಬಾನಿನಲ್ಲಿರುವುದರ ಸಮೀಪಕ್ಕೆ ನಮ್ಮನ್ನು ಒಯ್ಯುವುದು ಲೆಕ್ಕವೊಂದೇ. ಆ ಚುಕ್ಕೆ ಯಾವ ವಸ್ತುವೆಂದು ಲೆಕ್ಕ ಹೇಳಲಿಲ್ಲ. ಅದಕ್ಕೆ ಅದ್ಭುತ ವೇಗವಿರಲಿಲ್ಲವೆಂದಷ್ಟೇ ಹೇಳಿತು. ತಿಳಿದುದು ಎಲ್ಲಿಯವರೆಗೆ ಎಂಬುದನ್ನು ಅರಿತು, ಅಲ್ಲಿಗೇ ಮಾತನ್ನು ನಿಲ್ಲಿಸುವುದು ವಿಜ್ಞಾನದ ವಿನಯ.

ಅಭ್ಯಾಸ
1. ಅವಕೆಂಪು ಚಿತ್ರದಲ್ಲಿ ಕಪ್ಪು ಬಿಳುಪುಗಳು ಏನನ್ನು ಸೂಚಿಸುತ್ತವೆ?
2. ವಸ್ತುವಿನ ವೇಗವನ್ನು ಅಂಕಿಗಳ ಸಹಿತ ಲೆಕ್ಕ ಮಾಡಿ ತೋರಿಸಿರಿ.