ಕಲ್ಲುಹಾಸಿನ ಸಂದು: ಮೇಲೆ ಸಾರಿಸಿದರೆ ಸಾಲದು

ಗೇಟಿನಿಂದ ಬಾಗಿಲವರೆಗೆ ಚೆಂದದ ಕಲ್ಲು ಹಾಸಿಸಿದ್ದೀರಿ. ಸಂತೋಷ. ಆದರೆ ಕಲ್ಲುಗಳ ನಡುವಿನ ಸಿಮೆಂಟ್ ಉದುರಿ, ಅಲ್ಲಿ ಗರಿಕೆ ಚಿಗುರಿ, ಇರುವೆ ಮಣ್ಣು ಮೇಲೆ ಹಾಕುತ್ತಿರುವುದು ಎಷ್ಟು ದಿನದಿಂದ ನಿಮ್ಮ ಕಣ್ಣಿಗೆ ಬೀಳುತ್ತಿದೆ? ನೋಡಿಯೂ ದಾಟಿಕೊಂಡು ಹೋಗುತ್ತೀರಿ. ಹಬ್ಬ ಹತ್ತಿರ ಬಂದಾಗ ಮೂಲೆಯಲ್ಲಿ ಉಳಿದ ಅರ್ಧ ಚೀಲ ಸಿಮೆಂಟನ್ನು ನೀರಾಗಿ ಕಲಸಿ, ಸಂದಿನ ಮೇಲೆ ಒಂದು ಕೈ ಎಳೆದು, ಆಯಿತು ಅನ್ನುತ್ತೀರಿ. ಮೇಲೆ ಥಳುಕು, ಒಳಗೆ ಹುಳುಕು! ಹಳೆಯ ಪುಡಿಗಾರೆ, ಧೂಳು, ಪಾಚಿಯ ಮೇಲೆ ಬಳಿದ ತೆಳು ಪದರಕ್ಕೆ ಹಿಡಿತವೇ ಇರುವುದಿಲ್ಲ. ಒಂದು ಬೇಸಿಗೆ, ಒಂದು ಮಳೆ ಕಳೆಯುವಷ್ಟರಲ್ಲಿ ಹೆಕ್ಕಳಿಕೆಯಾಗಿ ಏಳುತ್ತದೆ.

ಕೈ ಹಾಕುವ ಮೊದಲು ಗಾರೆ ಯಾಕೆ ಬಿಟ್ಟಿತು ಅನ್ನುವುದನ್ನು ನೋಡಿ. ಸುತ್ತಿಗೆಯ ಹಿಡಿಯಿಂದ ಒಂದೊಂದೇ ಕಲ್ಲನ್ನು ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಕಲ್ಲು ಕೂತಿದೆ. ಡೊಳ್ಳು ಸದ್ದು ಬಂದರೆ ಅಡಿಯಲ್ಲಿ ಪೊಳ್ಳಿದೆ. ಕಾಲಿಟ್ಟಾಗ ಅಲುಗುವ ಕಲ್ಲಿನ ಸುತ್ತ ಎಷ್ಟು ಸಿಮೆಂಟ್ ತುಂಬಿದರೂ ವ್ಯರ್ಥ. ಅದನ್ನು ಎಬ್ಬಿಸಿ, ಅಡಿಯನ್ನು ಗಟ್ಟಿ ಮಾಡಿ, ಮತ್ತೆ ಕೂರಿಸಲೇಬೇಕು. ಆಮೇಲೆ ತಾರಸಿಯ ಪೈಪಿನ ನೀರು ನೇರವಾಗಿ ಕಲ್ಲಿನ ಮೇಲೆ ಬೀಳುತ್ತಿದೆಯೇ, ಪಕ್ಕದ ಮರದ ಬೇರು ಅಡಿಯಿಂದ ಎತ್ತುತ್ತಿದೆಯೇ ನೋಡಿ. ಅದನ್ನು ಸರಿಪಡಿಸದೆ ಸಂದು ತುಂಬಿದರೆ ಮುಂದಿನ ವರ್ಷ ಇದೇ ಕೆಲಸಕ್ಕೆ ಮತ್ತೆ ಕೂರುತ್ತೀರಿ. ಇನ್ನು ಕಲ್ಲುಗಳನ್ನು ಕಾಂಕ್ರೀಟ್ ಇಲ್ಲದೆ ಬರೀ ಮಣ್ಣಿನ ಮೇಲೋ ಮರಳಿನ ಮೇಲೋ ಹಾಸಿದ್ದರೆ ಸಿಮೆಂಟಿನ ಗೊಡವೆಗೇ ಹೋಗಬೇಡಿ. ಅಡಿ ಅಲುಗುತ್ತಿದ್ದರೆ ಸಂದು ಬಿರುಕು ಬಿಡದೆ ಇರದು. ಅಲ್ಲಿ ಕಲ್ಲುಪುಡಿಯನ್ನೋ ದಪ್ಪ ಮರಳನ್ನೋ ಗುಡಿಸಿ ತುಂಬಿದರೆ ಸಾಕು.

ಕಾಲವನ್ನೂ ನೋಡಿಕೊಳ್ಳಿ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲು ಕಾದು ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಜುಲೈನಲ್ಲಿ ಹಸಿ ಗಾರೆ ಮಳೆಗೆ ತೊಳೆದು ಹೋಗುತ್ತದೆ. ಮಳೆ ಹಿಂದೆಗೆದ ಮೇಲೆ, ನವೆಂಬರಿನಿಂದ ಫೆಬ್ರವರಿವರೆಗೆ ಹೇಳಿ ಮಾಡಿಸಿದ ಕಾಲ.

ಈಗ ನೀವು ತಪ್ಪಿಸಿಕೊಳ್ಳಲು ನೋಡುವ ಕೆಲಸಕ್ಕೆ ಬರೋಣ: ಹಳೆಯದನ್ನು ಕೆದಕಿ ತೆಗೆಯುವುದು. ಸಂದು ಎಷ್ಟು ಅಗಲವೋ ಅದರ ಎರಡರಷ್ಟು ಆಳಕ್ಕೆ, ಏನಿಲ್ಲವೆಂದರೂ ಮುಕ್ಕಾಲು ಅಂಗುಲ, ಹಳೆಯ ಗಾರೆ ಹೋಗಬೇಕು. ಅಷ್ಟಕ್ಕೂ ಪುಡಿಯೇ ಸಿಕ್ಕುತ್ತಿದ್ದರೆ ಗಟ್ಟಿ ಸಿಗುವವರೆಗೆ ಇಳಿಯಿರಿ. ಸಣ್ಣ ಉಳಿ, ಸುತ್ತಿಗೆ ಹಿಡಿದು ನಿಧಾನವಾಗಿ ಹೊಡೆಯಿರಿ. ಬೇಗ ಮುಗಿಯಲಿ ಎಂದು ಕಟಿಂಗ್ ಮೆಷಿನ್ ಹಿಡಿಯುವವರಿದ್ದಾರೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗೆ ಅದು, ಕೈ ಒಂದು ಚೂರು ಜಾರಿದರೆ ಕಲ್ಲಿನ ಅಂಚು ಹೋಯಿತು. ಕಲ್ಲಿನ ಎರಡೂ ಪಕ್ಕ ಬರಿದಾಗಿ ಕಾಣಬೇಕು, ಏಕೆಂದರೆ ಹೊಸ ಗಾರೆ ಹಿಡಿದುಕೊಳ್ಳುವುದು ಅಲ್ಲಿಯೇ. ಗರಿಕೆಯನ್ನು ಮೇಲಿಂದ ಚಿವುಟದೆ ಬೇರುಸಹಿತ ಕೀಳಿ. ಅರಳಿಯ ಸಸಿ ಕಂಡರಂತೂ ಒಂದು ದಿನವೂ ಬಿಡಬೇಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಚೂರುಗಳು ಸಿಡಿಯುತ್ತವೆ, ಕಣ್ಣಿಗೆ ಕನ್ನಡಕ ಇರಲಿ.

ಬ್ರಷ್ಷಿನಿಂದ ಧೂಳು ತೆಗೆದು, ನೀರು ಹಾಯಿಸಿ ತೊಳೆಯಿರಿ. ಗಾರೆ ತುಂಬುವ ಹೊತ್ತಿಗೆ ಸಂದು ತೇವವಾಗಿರಬೇಕು, ಆದರೆ ತಳದಲ್ಲಿ ನೀರು ನಿಂತಿರಬಾರದು.

ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು. ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಎಂದು ಲೆಕ್ಕ ಹಾಕಬೇಡಿ, ಅತಿಯಾದರೆ ಕುಗ್ಗಿ ಬಿರುಕು ಬಿಡುತ್ತದೆ. ಮರಳನ್ನು ಜರಡಿ ಹಿಡಿಯಿರಿ. ಕರಾವಳಿಯವರು ದಯವಿಟ್ಟು ಕಡಲ ಮರಳನ್ನು ಮುಟ್ಟಬೇಡಿ, ಅದರಲ್ಲಿ ಉಪ್ಪಿದೆ. ಹೋದ ವರ್ಷದ ಚೀಲದಲ್ಲಿ ಗಂಟು ಕಟ್ಟಿದ ಸಿಮೆಂಟನ್ನು ಪುಡಿ ಮಾಡಿ ಬಳಸುವ ಜಾಣತನವೂ ಬೇಡ. ಒಣದಾಗಿಯೇ ಚೆನ್ನಾಗಿ ಬೆರೆಸಿ, ಆಮೇಲೆ ನೀರು ಚಿಮುಕಿಸುತ್ತಾ ಬನ್ನಿ. ರವೆ ಉಂಡೆಯ ಹದ ಬರಬೇಕು: ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಿಂದ ನೀರು ಒಸರಬಾರದು. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಬಾಂಡ್ಲಿಯಲ್ಲಿ ಬಿಗಿಯಾಗತೊಡಗಿದ ಗಾರೆಗೆ ಮತ್ತೆ ನೀರು ಹೊಯ್ದು ತಿರುವುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸತ್ತ ಗಾರೆ ಅದು, ಚೆಲ್ಲಿಬಿಡಿ. ಕೈಗೆ ಗ್ಲೌಸ್ ಇರಲಿ, ಸಿಮೆಂಟ್ ಚರ್ಮ ಸುಡುತ್ತದೆ.

ತುಂಬುವಾಗ ಒಂದೇ ಸಲಕ್ಕೆ ಸುರಿಯದೆ, ಸ್ವಲ್ಪ ಸ್ವಲ್ಪವೇ ಹಾಕಿ, ಸಂದಿಗಿಂತ ಸಣ್ಣ ಪಟ್ಟಿಯಿಂದ ಒತ್ತಿ ಒತ್ತಿ ಕೂರಿಸಿ. ಕಲ್ಲಿನ ಮಟ್ಟಕ್ಕಿಂತ ಒಂದು ಎಳೆ ಕೆಳಗೆ ನಿಲ್ಲಿಸಿ, ಹೆಬ್ಬೆರಳು ಒತ್ತಿದರೆ ಸಣ್ಣ ಗುರುತು ಮಾತ್ರ ಬೀಳುವ ಹೊತ್ತಿಗೆ ಕರಣೆಯ ಅಂಚಿನಿಂದ ತೀಡಿ. ಮನೆಯ ಗೋಡೆಗೆ ತಾಗುವ ಕೊನೆಯ ಸಂದಿಗೆ ಮಾತ್ರ ಸಿಮೆಂಟ್ ಬೇಡ. ಬಿಸಿಲಿಗೆ ಕಲ್ಲು ಹಿಗ್ಗಲು ಅಲ್ಲಿ ಜಾಗ ಬೇಕು, ಹಿಗ್ಗಿದರೂ ಕುಗ್ಗಿದರೂ ಬಿಟ್ಟುಕೊಳ್ಳದ ಸೀಲೆಂಟ್ ಹಾಕಿಸಿ.

ಕಲ್ಲಿನ ಮೇಲೆ ಬಿದ್ದ ಗಾರೆಯನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿ. ನಾಳೆ ಆಸಿಡ್ ಹಾಕಿ ತೊಳೆದರಾಯಿತು ಅನ್ನುವ ಮಾತು ಬೇಡವೇ ಬೇಡ. ಕಲಬುರಗಿ ಕಡೆಯ ಶಹಾಬಾದ್ ಕಲ್ಲಾಗಲಿ ಕರಿ ಕಡಪ ಕಲ್ಲಾಗಲಿ ಸುಣ್ಣದ ಜಾತಿಯವು. ಆಸಿಡ್ ಬಿದ್ದರೆ ನೊರೆಗಟ್ಟಿ ಮೈ ಕಿತ್ತುಹೋಗುತ್ತದೆ. ಸಾದರಹಳ್ಳಿಯ ಗ್ರಾನೈಟು ತಡೆದೀತು, ಆದರೆ ನೀವು ಈಗಷ್ಟೇ ತುಂಬಿದ ಗಾರೆ ತಡೆಯುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ನೀರುಣಿಸಲು ಸೋಮಾರಿತನವೇ? ಒದ್ದೆ ಗೋಣಿಚೀಲ ಹೊದಿಸಿ 7 ದಿನ ಆರದಂತೆ ನೋಡಿಕೊಳ್ಳಿ. ಒಂದು ಹೊತ್ತು ಮರೆತು ಬಿಸಿಲಿಗೆ ಬಿಟ್ಟರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಷ್ಟು ದಿನವೂ ಸ್ಕೂಟರನ್ನು ಹೊರಗೇ ನಿಲ್ಲಿಸಿ, ಮಕ್ಕಳ ಸೈಕಲ್ಲೂ ಹೊರಗಿರಲಿ.

ನಿಮ್ಮ ಕೈಲಾಗದಿದ್ದರೆ ಮೇಸ್ತ್ರಿಯನ್ನು ಕರೆಸಿ, ತಪ್ಪೇನಿಲ್ಲ. ಆದರೆ ಕೂಲಿ ಮಾತಾಡುವಾಗಲೇ ಎಷ್ಟು ಆಳ ಕೆದಕುತ್ತೀರಿ ಎಂದು ಕೇಳಿ, ಕೆದಕಿದ ಸಂದನ್ನು ನೀವೇ ಬಗ್ಗಿ ನೋಡಿದ ಮೇಲೆ ಗಾರೆ ಕಲಸಲು ಹೇಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಮುಂದಿನ ಹಬ್ಬಕ್ಕೆ ಎಂದು ಮುಂದೂಡಬೇಡಿ, ಎದ್ದುನಿಂತ ಕಲ್ಲಿಗೆ ಎಡವಿದರೆ ಅವರಿಗೆ ಸೊಂಟವೇ ಮುರಿಯಬಹುದು. ಅಲುಗುವ ಕಲ್ಲನ್ನಾದರೂ ಈ ವಾರವೇ ಕೂರಿಸಿ.