ವೈದ್ಯವಿದ್ಯೆಗೆ ಮುನ್ನ ಐಚ್ಛಿಕ ವಿಷಯಗಳ ಆಯ್ಕೆ

ಕರ್ನಾಟಕದಲ್ಲಿ ವೈದ್ಯವೃತ್ತಿಯನ್ನು ಬಯಸುವ ವಿದ್ಯಾರ್ಥಿಯ ದಾರಿಯು ಹತ್ತನೆಯ ತರಗತಿ ಮುಗಿದೊಡನೆಯೇ ಬಹುಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ತೆಗೆದುಕೊಂಡ ಮೇಲೆ ಉಳಿಯುವ ಐಚ್ಛಿಕ ವಿಷಯ ಒಂದೇ. ಅದೂ ಸಾಮಾನ್ಯವಾಗಿ ಗಣಿತಕ್ಕೇ ಸಲ್ಲುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪದ್ಧತಿಯು ಇದಕ್ಕಿಂತ ತೀರ ಭಿನ್ನವಾದುದು. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿ ವ್ಯಾಸಂಗವಾದ ಮೇಲೆಯೇ ವೈದ್ಯಕೀಯ ಕಾಲೇಜಿನ ಪ್ರವೇಶ. ಪದವಿಯು ಇತಿಹಾಸದಲ್ಲಾಗಲಿ ಸಂಗೀತದಲ್ಲಾಗಲಿ ಅಡ್ಡಿಯಿಲ್ಲ. ವಿಧಿಸಿದ ವಿಜ್ಞಾನ ವಿಷಯಗಳನ್ನು ಓದಿರಬೇಕು, ಅಷ್ಟೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೂ ಇದೇ ಮಾರ್ಗ. ಮಿಕ್ಕ ವಿಷಯಗಳಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಆ ವಿದ್ಯಾರ್ಥಿಗಳ ದೊಡ್ಡ ಚಿಂತೆ.

ಈ ಪದ್ಧತಿಯ ಬೇರು ಹಳೆಯದು. ೧೮೯೩ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯು ಪದವೀಧರರನ್ನೇ ಸೇರಿಸಿಕೊಳ್ಳತೊಡಗಿತು. ೧೯೧೦ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅವರು ಅಮೆರಿಕ ಮತ್ತು ಕೆನಡಾಗಳ ೧೫೫ ವೈದ್ಯಕೀಯ ಶಾಲೆಗಳನ್ನು ಕುರಿತು ವರದಿ ಪ್ರಕಟಿಸಿ, ವೈದ್ಯವಿದ್ಯೆಗೆ ಮೊದಲು ವಿಜ್ಞಾನದ ಅಡಿಪಾಯ ಅವಶ್ಯವೆಂದು ಪ್ರತಿಪಾದಿಸಿದರು. ಇಂದಿಗೂ ಬಹುಪಾಲು ಕಾಲೇಜುಗಳು ಜೀವಶಾಸ್ತ್ರ, ಸಾಮಾನ್ಯ ರಸಾಯನ, ಸಾವಯವ ರಸಾಯನ, ಭೌತಶಾಸ್ತ್ರಗಳನ್ನು ಪ್ರಯೋಗಸಹಿತವಾಗಿ ಅಪೇಕ್ಷಿಸುತ್ತವೆ. ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯು ೨೦೧೫ರಲ್ಲಿ ಹೊಸ ರೂಪ ತಾಳಿದಾಗ ಜೀವರಸಾಯನಕ್ಕೆ ಪ್ರಾಶಸ್ತ್ಯ ದೊರೆಯಿತು; ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳಿಗೆ ಒಂದು ಭಾಗವೇ ಮೀಸಲಾಯಿತು. ಆದಕಾರಣ ಈ ಮೂರೂ ಹಲವೆಡೆ ಹೆಸರಿಗೆ ಐಚ್ಛಿಕವಾದರೂ ವಾಸ್ತವವಾಗಿ ಬಿಡಲಾಗದವು.

ತೊಡಕು ಹುಟ್ಟುವುದು ಅಂಕಗಳಿಂದ. ಅರ್ಜಿಗಳನ್ನು ಸ್ವೀಕರಿಸುವ ಕೇಂದ್ರ ವ್ಯವಸ್ಥೆಯು ಜೀವ, ರಸಾಯನ, ಭೌತ, ಗಣಿತಗಳ ಸರಾಸರಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ. ಕಡಿಮೆ ಅಂಕ ಬಂದ ವಿಷಯವನ್ನು ಮತ್ತೆ ಓದಿ ಉತ್ತಮವಾಗಿ ತೇರ್ಗಡೆಯಾದರೂ ಹಳೆಯದು ಅಳಿಯುವುದಿಲ್ಲ. ಎರಡೂ ಎಣಿಕೆಗೆ ಬರುತ್ತವೆ. ಈ ಅಂಜಿಕೆಯಿಂದ ಸುಲಭ ವಿಷಯಗಳನ್ನೇ ಹುಡುಕುವವರುಂಟು. ಮತ್ತೆ ಕೆಲವರು ಮುಂದೆ ಅನುಕೂಲವಾದೀತೆಂದು ಅಂಗರಚನಾಶಾಸ್ತ್ರ ಮೊದಲಾದವನ್ನು ಪೇರಿಸಿಕೊಳ್ಳುತ್ತಾರೆ. ಅವನ್ನಾದರೋ ವೈದ್ಯಕೀಯ ಕಾಲೇಜು ಮೊದಲಿನಿಂದ ಕಲಿಸಿಯೇ ಕಲಿಸುತ್ತದೆ. ಅಲ್ಲಿ ಕಲಿಯಲು ಬಿಡುವು ದೊರೆಯದ ವಿದ್ಯೆಗಳನ್ನು ಈ ವರ್ಷಗಳಲ್ಲಿ ಆರಿಸಿಕೊಳ್ಳುವುದು ಲೇಸು.

ಸಂಖ್ಯಾಶಾಸ್ತ್ರ ಅಂಥದೊಂದು. ಸಾವಿರ ಜನರಲ್ಲಿ ಒಬ್ಬನಿಗೆ ಇರುವ ರೋಗಕ್ಕೆ ಒಂದು ಪರೀಕ್ಷೆಯಿದೆಯೆಂದು ಭಾವಿಸೋಣ. ಅದು ರೋಗಿಯನ್ನು ಎಂದೂ ಕೈಬಿಡದು. ಆದರೆ ಆರೋಗ್ಯವಂತರಲ್ಲಿ ನೂರಕ್ಕೆ ಐವರನ್ನು ರೋಗಿಗಳೆಂದು ತಪ್ಪಾಗಿ ತೋರಿಸುತ್ತದೆ. ಪರೀಕ್ಷೆಯಲ್ಲಿ ರೋಗವಿದೆಯೆಂದು ಬಂದವನಿಗೆ ಅದು ನಿಜವಾಗಿ ಇರುವ ಸಂಭವವೆಷ್ಟು? ೧೯೭೮ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಬೋಧನಾ ಆಸ್ಪತ್ರೆಗಳಲ್ಲಿ ವೈದ್ಯರು, ವಿದ್ಯಾರ್ಥಿಗಳು ಸೇರಿ ೬೦ ಮಂದಿಗೆ ಇಂಥದೇ ಪ್ರಶ್ನೆ ಹಾಕಿದಾಗ ಅತಿ ಹೆಚ್ಚು ಜನ ಕೊಟ್ಟ ಉತ್ತರ ನೂರಕ್ಕೆ ೯೫. ಸರಿಯಾಗಿ ಹೇಳಿದವರು ೧೧ ಮಂದಿ. ಲೆಕ್ಕವೇನೋ ಸರಳ: ೯೯೯ ಆರೋಗ್ಯವಂತರಲ್ಲಿ ಸುಮಾರು ೫೦ ಮಂದಿ ತಪ್ಪಾಗಿ ಸಿಕ್ಕಿಕೊಳ್ಳುತ್ತಾರೆ, ನಿಜವಾದ ರೋಗಿ ಒಬ್ಬ, ೫೧ರಲ್ಲಿ ಒಂದು, ಎಂದರೆ ನೂರಕ್ಕೆ ಸುಮಾರು ಎರಡು. ಈ ಲೆಕ್ಕ ಬಾರದ ವೈದ್ಯನು ಐವತ್ತು ಮನೆಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಹಾಕಿಸಿಯಾನು.

ಇನ್ನೊಂದು ಭಾಷೆ. ಅಮೆರಿಕದಲ್ಲಿ ಇಂಗ್ಲಿಷಿನ ತರುವಾಯ ಅತಿ ಹೆಚ್ಚು ಜನ ಆಡುವುದು ಸ್ಪ್ಯಾನಿಷ್. ೧೯೮೦ರಲ್ಲಿ ಫ್ಲಾರಿಡಾದ ಆಸ್ಪತ್ರೆಯೊಂದಕ್ಕೆ ೧೮ ವರ್ಷದ ತರುಣನೊಬ್ಬನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ತಂದರು. ಕ್ಯೂಬಾ ಮೂಲದ ಅವನ ಮನೆಯವರು ‘ಇಂಟೋಕ್ಸಿಕಾಡೋ’ ಎಂದರು. ತಿಂದದ್ದು ಮೈಗೆ ಒಗ್ಗಲಿಲ್ಲವೆಂಬುದು ಅವರ ಅಭಿಪ್ರಾಯ. ಅದನ್ನು ಹೋಲುವ ಇಂಗ್ಲಿಷ್ ಪದದ ಅರ್ಥವನ್ನೇ ಹಿಡಿದು, ಮಾದಕ ಪದಾರ್ಥ ಸೇವಿಸಿದ್ದಾನೆಂದು ಚಿಕಿತ್ಸೆ ನಡೆಸಲಾಯಿತು. ವಾಸ್ತವವಾಗಿ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಅದು ತಿಳಿಯುವಷ್ಟರಲ್ಲಿ ತಡವಾಗಿ, ಕೈಕಾಲುಗಳ ಸ್ವಾಧೀನ ಶಾಶ್ವತವಾಗಿ ತಪ್ಪಿಹೋಯಿತು. ಕಾಲೇಜಿನಲ್ಲಿ ಶ್ರದ್ಧೆಯಿಂದ ಸ್ಪ್ಯಾನಿಷ್ ಓದಿದವನೊಬ್ಬ ಅಂದು ಅಲ್ಲಿದ್ದಿದ್ದರೆ!

ವೈದ್ಯರೂ ಹೆಸರಾಂತ ಲೇಖಕರೂ ಆಗಿದ್ದ ಲೂಯಿಸ್ ಥಾಮಸ್ ಅವರು ೧೯೭೮ರಲ್ಲಿ ಇನ್ನೂ ಮುಂದೆ ಹೋಗಿ, ವೈದ್ಯಪೂರ್ವ ವಿದ್ಯಾರ್ಥಿಯೆಂಬ ಹಣೆಪಟ್ಟಿ ಕಟ್ಟಿಕೊಂಡವರ ಅರ್ಜಿಯನ್ನು ಎಲ್ಲಕ್ಕಿಂತ ಕೊನೆಗೆ ತಳ್ಳಬೇಕೆಂದೂ ಪ್ರಾಚೀನ ಗ್ರೀಕ್ ಭಾಷೆಯೇ ವ್ಯಾಸಂಗದ ಬೆನ್ನೆಲುಬಾಗಬೇಕೆಂದೂ ಬರೆದರು. ಈ ಮಾತು ತುಸು ಅತಿಯಾಯಿತು. ಆದಾಗ್ಯೂ ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಶಾಲೆಯು ೧೯೮೭ರಿಂದ ಸಾಹಿತ್ಯ, ಇತಿಹಾಸ ಮುಂತಾದುವನ್ನು ಓದುವ ಕೆಲವರನ್ನು ಎಂಕ್ಯಾಟ್ ಇಲ್ಲದೆಯೇ ಆರಿಸಿಕೊಂಡಿತು. ೨೦೧೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಒಟ್ಟಿನಲ್ಲಿ ಸಹಪಾಠಿಗಳಿಗೆ ಸಮನಾಗಿಯೇ ಕಂಡುಬಂದರು.

ಆಯ್ಕೆಯಷ್ಟೇ ಅನುಕ್ರಮವೂ ಮುಖ್ಯ. ಭಾಷೆಯು ಆರು ತಿಂಗಳಲ್ಲಿ ಒಲಿಯುವಂಥದಲ್ಲ. ಮೊದಲ ವರ್ಷವೇ ಹಿಡಿಯಬೇಕು. ಜೀವರಸಾಯನ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರಗಳು ಎಂಕ್ಯಾಟ್‌ಗೆ ಮೊದಲೇ ಮುಗಿದಿರಬೇಕು. ಪದವಿ ಮುಗಿದೊಡನೆ ವೈದ್ಯಕೀಯ ಕಾಲೇಜು ಸೇರಬಯಸುವವರು ಮೂರನೆಯ ವರ್ಷದ ಕೊನೆಗೆ ಅರ್ಜಿ ಸಲ್ಲಿಸುವುದರಿಂದ ಕೊನೆಯ ವರ್ಷದ ಅಂಕಗಳು ಆ ಅರ್ಜಿಯಲ್ಲಿ ಇರುವುದಿಲ್ಲ. ಅಂಕದ ಭಯದಿಂದ ಅದುವರೆಗೆ ಮುಟ್ಟದೆ ಬಿಟ್ಟ ತತ್ತ್ವಶಾಸ್ತ್ರವನ್ನೋ ಕಾವ್ಯವನ್ನೋ ಓದಲು ಆ ವರ್ಷ ಉಳಿದಿರುತ್ತದೆ.